ಕಾರ್ಬನ್ ಹಾಳೆಯಲ್ಲಿ ಓದಿದ್ದು

ಬರೆದುಕೊಳ್ಳಲು ಹಾಳೆ ಹುಡುಕುತ್ತ ಡ್ರಾಯರ್ ಎಳೆದರೆ ಕೈಗೆ ಸಿಕ್ಕಿದ್ದು ಬಿಲ್ ಬುಕ್ಕಿನ ಹಳೇ ಕಾರ್ಬನ್. ಆ ಮೇಣದಂಥ ವಾಸನೆ ನಿಮಗೂ ನೆನಪಿರಬಹುದು. ‘ರಿಕವರಿ ಕೀ ಬರೆದಿಟ್ಟುಕೊಳ್ಳಿ’ ಎಂದು ಲ್ಯಾಪ್‌ಟಾಪು ಕಾಯುತ್ತಲೇ ಇತ್ತು.

ವಿಷಯ ಇಷ್ಟೆ. ಬಟವಾಡಿಯಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಹೋದ ವಾರ ಲ್ಯಾಪ್‌ಟಾಪನ್ನು ಸಿಟಿ ಬಸ್ಸಿನಲ್ಲಿ ಮರೆತು ಇಳಿದೆ. ಕಂಡಕ್ಟರ್ ಪುಣ್ಯಾತ್ಮ, ತಂದುಕೊಟ್ಟ. ಆದರೂ ನನ್ನ ಭಯ ಹೋಗಲಿಲ್ಲ. ಪಾಸ್‌ವರ್ಡ್ ಇದ್ದರೇನು? ಒಳಗಿನ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಜನರ ಅರ್ಜಿ, ವಿಲ್ಲು ಎಲ್ಲ ಬಟಾಬಯಲು. ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದರೆ ಕೀ ಇಲ್ಲದವರಿಗೆ ಒಂದಕ್ಷರವೂ ಅರ್ಥವಾಗದು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು; ಮೂರು ದಿನ ವಿಡಿಯೋ ನೋಡಿ ನಾನೇ ಕಲಿತೆ. ಹೇಳಿಕೊಳ್ಳಬಾರದು, ಹೇಳಿಕೊಳ್ಳುತ್ತಿದ್ದೇನೆ.

ಓದಿನ ಜಂಬ ನನಗೆ ಹಳೆಯದು. ಸ್ಕೂಲು ಬಿಟ್ಟು ಗುಬ್ಬಿಯಲ್ಲಿ ಟೈಪಿಂಗ್ ಮೇಷ್ಟ್ರ ಹತ್ತಿರ ಕೆಲಸಕ್ಕಿದ್ದೆ. ಒಂದೇ ಸಲ ಬಳಸಿದ ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಟೈಪಾದ ಅಕ್ಷರಗಳು ಬೆಳ್ಳಗೆ ಕಾಣುತ್ತಿದ್ದವು. ಅವೇ ನನ್ನ ಪಠ್ಯಪುಸ್ತಕ. ಒಂದು ದಿನ ಟೀ ಅಂಗಡಿಯಲ್ಲಿ ಯಾರೋ ಕೆಣಕಿದರು: “ಸ್ಕೂಲ್ ಬುಟ್ಟೋನು, ನೀನೇನ್ಲಾ ಓದ್ತೀಯ?” ಜೇಬಿನಲ್ಲಿದ್ದ ಕಾರ್ಬನ್ ಎತ್ತಿ ಹಿಡಿದು, ತಡವರಿಸದೆ, ಗಟ್ಟಿಯಾಗಿ ಓದಿಬಿಟ್ಟೆ.

ಅದು ಒಬ್ಬ ಹೆಂಗಸು, ಗಂಡನ ಹೊಡೆತ ತಾಳಲಾರದೆ, ಊರಲ್ಲಿ ಗೊತ್ತಾಗಬಾರದೆಂದೇ ಕುಣಿಗಲ್ಲಿನಿಂದ ಗುಬ್ಬಿವರೆಗೆ ಬಂದು ಬರೆಸಿದ್ದ ದೂರು. ಪಕ್ಕದ ಬೆಂಚಿನ ಮೇಲೆ ಅವಳ ಗಂಡನ ಕಡೆಯವನೇ ಕೂತಿದ್ದ.

ಎರಡು ದಿನ ಬಿಟ್ಟು ಬಂದಳು. ತುಟಿ ಊದಿತ್ತು. ಮೇಷ್ಟ್ರು ಇನ್ನೂ ಕಳಿಸಿರದ ದೂರನ್ನು ವಾಪಸ್ ಇಸಿದುಕೊಂಡು ನಾಲ್ಕು ಚೂರು ಮಾಡಿದಳು. ಹೋಗುವಾಗ ನನ್ನ ಮುಂದೆ ನಿಂತಳು.

“ಚೆನ್ನಾಗ್ ಓದ್ತೀಯಂತೆ ಕಣಪ್ಪ. ನಂದೊಂದ್ ಬುಟ್ಟು ಬೇರೆ ಏನಾರ ಓದು.”

ಮೇಷ್ಟ್ರು ಹೊಡೆಯಲಿಲ್ಲ. ಅವತ್ತಿನ ಕಾರ್ಬನ್ನುಗಳನ್ನೆಲ್ಲ ಹಿತ್ತಲಲ್ಲಿ ಸುಡುತ್ತ, “ನಾವು ಬರೆಯೋರು ಕಣೋ, ಓದೋರಲ್ಲ” ಎಂದರು. ದಿನಾ ಸಂಜೆ ಸುಡುವುದು ಆಮೇಲೆ ನನ್ನ ಕೆಲಸವಾಯಿತು. ಆಕೆ ಮತ್ತೆ ಬರಲಿಲ್ಲ.

“ಅಷ್ಟೊಂದೇನ್ರೀ ಇಟ್ಟಿದೀರ ಅದ್ರಲ್ಲಿ?” ಅಂಗಡಿಯಲ್ಲಿ ಜೊತೆಗಿರುವ ನನ್ನ ಹೆಂಡತಿ ಗಿರಿಜಾ ಈಗ ಲ್ಯಾಪ್‌ಟಾಪಿನತ್ತ ನೋಡಿ ಕೇಳಿದಳು.

“ನಂದೇನೂ ಇಲ್ಲ ಕಣೇ. ಅದಕ್ಕೇ ಬೀಗ.”

“ಕೀ ಮರ್ತೋದ್ರೆ? ಲ್ಯಾಪ್‌ಟಾಪೇ ಬಸ್ಸಲ್ಲಿ ಬಿಟ್ಬಂದೋರು ನೀವು.”

ತಲೆಯಲ್ಲೇ ಇಟ್ಟುಕೊಳ್ಳುತ್ತೇನೆ ಎನ್ನಲು ಹೊರಟವನು ಪೆನ್ನು ಎತ್ತಿಕೊಂಡೆ. ಆ ಉದ್ದನೆಯ ಕೀ ನಂಬರನ್ನು ಒಂದು ಹಾಳೆಗೆ ಬರೆದು, ಮಡಚಿ, ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಾಗೇ ಪರ್ಸಿನೊಳಗಿಟ್ಟು ಜಿಪ್ ಎಳೆದಳು.

ಬಿ.ಎ. ಮಾಡಿದವಳು. ಬಿಚ್ಚಿ ಓದಲಿಲ್ಲ.