ಹದಿನಾಲ್ಕು ವಾಲ್‌ಗಳ ಪಕ್ಕೀರಪ್ಪ

ಬೆಳಗಿನ ಐದು ಗಂಟೆ. ಗಾಳೆಮ್ಮನಹಳ್ಳಿಯಲ್ಲಿ ಇನ್ನೂ ಒಂದು ಬಾಗಿಲೂ ತೆರೆದಿಲ್ಲ. ಶಾಲೆ ಓಣಿಯ ತಿರುವಿನಲ್ಲಿ ಮೊಣಕಾಲೂರಿ ಕೂತ ಪಕ್ಕೀರಪ್ಪ ಕಲ್ಲುಚಪ್ಪಡಿ ಸರಿಸಿ, ಗುಂಡಿಯೊಳಗೆ ಉದ್ದನೆಯ ಕಬ್ಬಿಣದ ಚಾವಿ ಇಳಿಸುತ್ತಾರೆ. ಎರಡೂ ಕೈಯಲ್ಲಿ ತಿರುಗಿಸುತ್ತ ಮಾಸ್ಕಿನೊಳಗೇ ಎಣಿಸುತ್ತಾರೆ. ಹನ್ನೊಂದು ಸುತ್ತಿಗೆ ನಿಲ್ಲಿಸಿ, ಚಾವಿಯ ಹಿಡಿಕೆಗೆ ಕಿವಿಗೊಡುತ್ತಾರೆ. ಮೊದಲು ಗಾಳಿ ಹೋಗುವ ಸದ್ದು, ಆಮೇಲೆ ನೀರಿನದು. "ಹೊಂಟ್ತು," ಎನ್ನುತ್ತ ಎದ್ದು, ಚಾವಿಯನ್ನು ಸೈಕಲ್ಲಿಗೆ ಕಟ್ಟಿ ಮುಂದಿನ ಗುಂಡಿಯತ್ತ ಹೊರಡುತ್ತಾರೆ.

ಹೊಸಪೇಟೆಯಿಂದ ಪಾಪಿನಾಯಕನಹಳ್ಳಿ ದಾಟಿ ಒಳದಾರಿ ಹಿಡಿದರೆ ಸಿಗುವ ಊರಿದು. ಮನೆಗಳು ಆರುನೂರ ನಲವತ್ತು, ಕೊಳವೆಬಾವಿ ಎರಡು, ನೀರಿನ ಟ್ಯಾಂಕ್ ಒಂದು, ಓಣಿಗಳಿಗೆ ನೀರು ತಿರುಗಿಸುವ ವಾಲ್‌ಗಳು ಹದಿನಾಲ್ಕು. ನೀರು ಬಿಡುವವರು ಒಬ್ಬರೇ, ನಲವತ್ತೊಂಬತ್ತು ವರ್ಷದ ನೀರಗಂಟಿ ಪಕ್ಕೀರಪ್ಪ. ಕಾಗದದಲ್ಲಿ ಅವರ ಕೆಲಸ ದಿನಕ್ಕೆ ನಾಲ್ಕು ತಾಸು. ಕೊರೊನಾದ ಎರಡನೇ ಅಲೆಯ ಲಾಕ್‌ಡೌನ್ ಶುರುವಾದ ಮೇಲೆ ಅದು ಒಂಬತ್ತು ತಾಸಾಗಿದೆ. ದುಡಿಯಲು ಹೋದವರೆಲ್ಲ ಊರಿಗೆ ಮರಳಿದ್ದಾರೆ, ಶಾಲೆಯ ಮಕ್ಕಳು ಮನೆಯಲ್ಲಿದ್ದಾರೆ, ಕೈ ತೊಳೆಯುವುದು ಹೆಚ್ಚಿದೆ. ಟ್ಯಾಂಕ್ ಮಾತ್ರ ಹಿಂದಿನದೇ.

"ಮನಿ ಬಿಟ್ಟು ಹೊರಗ ಬರಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿದ್ರು. ನಾನೂ ಮನ್ಯಾಗ ಕುಂತ್ರ ಮಂದಿ ಕೊಡ ಹಿಡಕಂಡು ಹೊರಗ ಬರ್ತಾರಲ್ರಿ," ಎನ್ನುತ್ತಾರೆ ಪಕ್ಕೀರಪ್ಪ.

ಹೊರಗೆ ಓಡಾಡುವುದು ಅವರಿಗೆ ಉಳಿದವರಿಗಿಂತ ಅಪಾಯದ್ದು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮಾತ್ರೆ ತರಲು ಹೊಸಪೇಟೆಗೆ ಹೋಗಬೇಕು, ಬಸ್ಸಿಲ್ಲ. ಮೇ ಮೊದಲ ವಾರ ಮಾತ್ರೆ ತೀರಿ, ಆರು ದಿನ ಬರೀ ಮೆಂತ್ಯದ ನೀರು ಕುಡಿದು ಕಳೆದರು. ಊರಿನ ಆಶಾ ಕಾರ್ಯಕರ್ತೆ ತ್ರಿವೇಣಿ ಅದನ್ನು ತಿಳಿದು, ತಮ್ಮ ಔಷಧಿ ಕಿಟ್‌ನ ಜೊತೆ ಇವರ ಮಾತ್ರೆಯನ್ನೂ ತರಿಸಿಕೊಟ್ಟರು. "ಅಣ್ಣಾ, ನಿಂಗ ಬಂದ್ರ ಸುಮ್ನ ಹೋಗೋ ರೋಗ ಅಲ್ಲ ಇದು. ಯಾರ ಮನಿ ಒಳಗೂ ಹೋಗಬ್ಯಾಡ," ಎಂದು ಎಚ್ಚರಿಸಿಯೂ ಇದ್ದರು.

ಅದಾಗಿ ನಾಲ್ಕೇ ದಿನಕ್ಕೆ, ಮೇ ಹದಿನಾಲ್ಕರ ಬೆಳಿಗ್ಗೆ, ಶಾಲೆ ಓಣಿಯಲ್ಲಿ ನೀರು ಹರಿಯುತ್ತಿರುವುದು ಪಕ್ಕೀರಪ್ಪನವರ ಕಣ್ಣಿಗೆ ಬಿತ್ತು. ಅದು ಎರ್ರೆಮ್ಮನ ಮನೆಯ ನಳದಿಂದ ಬರುತ್ತಿತ್ತು. ಎರ್ರೆಮ್ಮ ಲಾರಿ ಚಾಲಕನ ಹೆಂಡತಿ. ಗಂಡ ಲಾರಿಯ ಜೊತೆ ಆಂಧ್ರದ ಕಡೆ ಸಿಕ್ಕಿಕೊಂಡಿದ್ದ. ಮನೆಯಲ್ಲಿ ಅವಳು ಮತ್ತು ಅತ್ತೆ ಸುಂಕಲಮ್ಮ. ಜೋಳದ ರೊಟ್ಟಿ ತಟ್ಟಿ ಮಾರುವ ಅವಳಿಗೆ ನೀರೆಂದರೆ ಜೀವ. ಒಂದು ಹನಿ ಪೋಲಾದರೂ ಓಣಿಯವರನ್ನು ಬೈಯುವ ಹೆಂಗಸು.

"ಆಕಿ ನಳ ಬಿಟ್ಟು ಮಲಗಾಕಿ ಅಲ್ರಿ. ಏನೋ ಆಗೇತಿ ಅನಿಸ್ತು," ಎಂದು ಪಕ್ಕೀರಪ್ಪ ನೆನಪಿಸಿಕೊಳ್ಳುತ್ತಾರೆ. ಅವರು ನಳ ಬಂದ್ ಮಾಡಿ ಬಾಗಿಲು ಬಡಿದರು. ಬಹಳ ಹೊತ್ತಿನ ಮೇಲೆ ಕಿಟಕಿಯಿಂದ ದನಿ ಬಂತು.

"ಬರಬ್ಯಾಡ ಪಕ್ಕೀರಣ್ಣ. ಜ್ವರ ಬಂದಾವ."

"ಎಷ್ಟು ದಿನ ಆತು?"

"ನಂಗ ಆರು ದಿನ. ಅತ್ತಿಗೆ ನಾಕು. ಆಕಿ ನಿನ್ನೆಯಿಂದ ಮಾತಾಡವಲ್ಲಳು."

ತ್ರಿವೇಣಿಗೆ ಹೇಳಿದ್ದೀಯಾ ಎಂದು ಕೇಳಿದ್ದಕ್ಕೆ ಎರ್ರೆಮ್ಮ ಅಳತೊಡಗಿದಳು. ಹೇಳಿದರೆ ಆಂಬುಲೆನ್ಸ್ ಬರುತ್ತದೆ, ಬಾಗಿಲಿಗೆ ಚೀಟಿ ಅಂಟಿಸುತ್ತಾರೆ, ತನ್ನ ಕೈಯ ರೊಟ್ಟಿಯನ್ನು ಇನ್ನು ಯಾರೂ ಕೊಳ್ಳುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು: ಕರೆದೊಯ್ದವರು ತಿರುಗಿ ಬರುವುದಿಲ್ಲ, ಹೆಣವನ್ನೂ ಕೊಡುವುದಿಲ್ಲ ಎಂಬ ಮಾತು ಊರೆಲ್ಲ ಹಬ್ಬಿತ್ತು. "ನಿನ್ನ ಕಾಲಿಗೆ ಬೀಳ್ತೀನಣ್ಣ, ಯಾರಿಗೂ ಹೇಳಬ್ಯಾಡ. ಎರಡು ದಿನದಾಗ ಕಮ್ಮಿ ಆಕ್ಕಾವ," ಎಂದಳು.

"ಆತಬೇ ಯವ್ವಾ, ಹೇಳಂಗಿಲ್ಲ," ಎಂದು ಪಕ್ಕೀರಪ್ಪ ಮಾತು ಕೊಟ್ಟರು. ಮುಂದಿನ ವಾಲ್‌ವರೆಗೆ ಸೈಕಲ್ ತಳ್ಳಿಕೊಂಡು ಹೋದರು. ಅಲ್ಲಿ ಚಾವಿ ಇಳಿಸುವ ಮೊದಲೇ ಫೋನ್ ತೆಗೆದು ತ್ರಿವೇಣಿಗೆ ಹೇಳಿಬಿಟ್ಟರು.

"ಮಾತು ತಪ್ಪಿದೆ ನಾನು. ಅದನ್ನ ಸುಳ್ಳು ಅನ್ನಂಗಿಲ್ಲ," ಎನ್ನುವಾಗ ಅವರ ದನಿಯಲ್ಲಿ ಸಮರ್ಥನೆ ಇಲ್ಲ.

ತ್ರಿವೇಣಿ ಬಂದು ಬೆರಳಿಗೆ ಮಿಷಿನ್ ಇಟ್ಟಾಗ ಎರ್ರೆಮ್ಮನ ಆಮ್ಲಜನಕ ಎಂಬತ್ತೆಂಟು, ಸುಂಕಲಮ್ಮನದು ಎಪ್ಪತ್ತಾರು. ಹೊಸಪೇಟೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಸಂಡೂರಿನಲ್ಲಿ ಎರಡು ಸಿಕ್ಕವು. ಆಂಬುಲೆನ್ಸ್ ಬಂತು. ಸುಂಕಲಮ್ಮನಿಗೆ ಏಳಲಾಗಲಿಲ್ಲ. ಇಕ್ಕಟ್ಟಿನ ಒಳಕೋಣೆಗೆ ಸ್ಟ್ರೆಚರ್ ಹೋಗಲಿಲ್ಲ. ಚಾಲಕ ಒಬ್ಬನೇ. ಓಣಿಯ ಕಿಟಕಿಗಳಲ್ಲಿ ಮುಖಗಳಿದ್ದವು, ಹೊರಗೆ ಯಾರೂ ಬರಲಿಲ್ಲ. ತ್ರಿವೇಣಿ ಬೇಡವೆನ್ನುತ್ತಿದ್ದಂತೆಯೇ ಪಕ್ಕೀರಪ್ಪ ಟವೆಲನ್ನು ಮಾಸ್ಕಿನ ಮೇಲೆ ಬಿಗಿದುಕೊಂಡು ಒಳಗೆ ಹೋದರು. ಅವರೂ ಚಾಲಕನೂ ಕೌದಿಯ ತುದಿ ಹಿಡಿದು ಮುದುಕಿಯನ್ನು ಹೊರಗೆ ತಂದರು. ಎರ್ರೆಮ್ಮ ಆಂಬುಲೆನ್ಸ್ ಹತ್ತುವಾಗ ಅವರ ಮುಖ ನೋಡಲಿಲ್ಲ.

ಅಂದು ಪಕ್ಕೀರಪ್ಪ ಮನೆಗೆ ಹೋಗಲಿಲ್ಲ. ಟ್ಯಾಂಕಿನ ಕೆಳಗಿನ ಪಂಪ್‌ಹೌಸಿನಲ್ಲಿ ಗೋಣಿಚೀಲ ಹಾಸಿಕೊಂಡರು. ಹೆಂಡತಿ ಹುಲುಗಮ್ಮ ದಿನಕ್ಕೆರಡು ಸಲ ರೊಟ್ಟಿಯ ಗಂಟನ್ನು ದೂರದ ಕಲ್ಲಿನ ಮೇಲಿಟ್ಟು, ಬೇವಿನ ಮರದಡಿ ನಿಂತು ಗಂಡ ಉಣ್ಣುವುದನ್ನು ನೋಡಿ ಹೋಗುತ್ತಿದ್ದರು. "ಕೆಮ್ಮು ಬಂದೈತೇನು ಅಂತ ಕೇಳ್ತಿದ್ದೆ. ಇಲ್ಲ ಅಂತಿದ್ದ. ಇದ್ರೂ ಇಲ್ಲ ಅನ್ನಾವನ ಆತ. ಅದಕ್ಕ ನಿಂತು ನೋಡ್ತಿದ್ದೆ," ಎನ್ನುತ್ತಾರೆ ಹುಲುಗಮ್ಮ.

ಊರಿನಲ್ಲಿ ಬೇರೆಯೇ ಮಾತು ಎದ್ದಿತು. ರೋಗದವರನ್ನು ಮುಟ್ಟಿದ ಕೈ ವಾಲ್ ಮುಟ್ಟಿದರೆ ನೀರಿನಲ್ಲೂ ಕೊರೊನಾ ಬರುತ್ತದೆ ಎಂದು ಯಾರೋ ಹೇಳಿದರು. ಊರಿನ ಹಿರಿಯ ನಾಗೇಂದ್ರಪ್ಪ ಟ್ಯಾಂಕಿನ ಬೇಲಿಯಾಚೆ ನಿಂತು, "ಪಕ್ಕೀರ, ಹದಿನೈದು ದಿನ ನೀನು ಚಾವಿ ಮುಟ್ಟಬ್ಯಾಡಪ. ನಮಗೂ ಸಣ್ಣ ಹುಡುಗರು ಅದಾವ," ಎಂದರು. ಪಕ್ಕೀರಪ್ಪ ಚಾವಿಯನ್ನು ಸೋಪಿನ ನೀರಿನಲ್ಲಿ ತೊಳೆದು ಬೇಲಿಗೆ ಒರಗಿಸಿದರು.

ಪಂಪ್ ರಿಪೇರಿ ಗೊತ್ತಿದ್ದ ಒಬ್ಬನನ್ನು ನೀರು ಬಿಡಲು ಹಚ್ಚಿದರು. ಆತ ಹದಿಮೂರು ವಾಲ್‌ಗಳನ್ನು ಸರಿಯಾಗಿಯೇ ತೆರೆದ. ಮೇಲ್ಕೇರಿಯದು ಮಾತ್ರ ಹಿಂದೆಂದೋ ಉಲ್ಟಾ ಕೂಡಿಸಿದ ವಾಲ್. ಉಳಿದವು ಎಡಕ್ಕೆ ತೆರೆದರೆ ಅದು ಬಲಕ್ಕೆ ತೆರೆಯುತ್ತದೆ. ಗೊತ್ತಿಲ್ಲದೆ ಆತ ಎಡಕ್ಕೆ ಬಿಗಿದ. ಅದು ಗಟ್ಟಿಯಾಗಿ ಕೂತಿತು. ಎರಡು ದಿನ ಮೇಲ್ಕೇರಿಯ ತೊಂಬತ್ತು ಮನೆಗಳಿಗೆ ನೀರಿಲ್ಲ. ಮೂರನೇ ದಿನ ಹೆಂಗಸರು ಖಾಲಿ ಕೊಡ ಹಿಡಿದು ನಾಗೇಂದ್ರಪ್ಪನ ಮನೆ ಮುಂದೆ ಗುಂಪುಗೂಡಿದರು. ಅಂತರವೂ ಇಲ್ಲ, ಮಾಸ್ಕೂ ಇಲ್ಲ. ತ್ರಿವೇಣಿ ಓಡಿಬಂದು, "ನೀರಿನ್ಯಾಗ ಬರೋದಿಲ್ರಿ ಅದು. ಹಿಂಗ ಗುಂಪು ಕೂಡಿದ್ರ ಬರ್ತತಿ," ಎಂದು ಕೂಗಿದರು.

ಅಂದು ಸಂಜೆಗೆ ತ್ರಿವೇಣಿ ಪರೀಕ್ಷೆಗೆ ಕಳಿಸಿದ್ದ ಪಕ್ಕೀರಪ್ಪನವರ ಗಂಟಲು ದ್ರವದ ವರದಿ ಬಂತು, ನೆಗೆಟಿವ್. ನಾಗೇಂದ್ರಪ್ಪನೇ ಚಾವಿ ತಂದು ಬೇಲಿಯ ಬಳಿ ಇಟ್ಟು, "ತಪ್ಪಾತಪ," ಎಂದರು. ಪಕ್ಕೀರಪ್ಪ ಚಾವಿ ಎತ್ತಿಕೊಂಡರು. ಸೀಮೆಎಣ್ಣೆ ಕೇಳಿ ತರಿಸಿಕೊಂಡು ಮೇಲ್ಕೇರಿಯ ವಾಲ್‌ಗೆ ಹೊಯ್ದರು. ಮರುದಿನ ಬೆಳಕು ಹರಿಯುವ ಮೊದಲೇ ಅದನ್ನು ಬಿಡಿಸಿದರು. ವರದಿ ಬಂದಿದ್ದರೂ, ತ್ರಿವೇಣಿ ಹೇಳಿದ ದಿನಗಳು ತುಂಬುವವರೆಗೆ ಪಂಪ್‌ಹೌಸಿನಲ್ಲೇ ಮಲಗಿದರು.

ಸುಂಕಲಮ್ಮ ಸಂಡೂರಿನಲ್ಲಿ, ಸೊಸೆಯಿಂದ ದೂರದ ವಾರ್ಡಿನಲ್ಲಿ, ನಾಲ್ಕನೇ ದಿನ ತೀರಿಕೊಂಡಳು. ಎರ್ರೆಮ್ಮ ಹನ್ನೆರಡು ದಿನಕ್ಕೆ ಮರಳಿದಳು, ನಡೆದರೆ ಈಗಲೂ ಏದುಸಿರು. ಬಂದ ಮೇಲೆ ಒಂದು ವಾರ ಪಕ್ಕೀರಪ್ಪನ ಜೊತೆ ಮಾತಾಡಲಿಲ್ಲ. ಅವರೂ ನೀರು ಬಿಟ್ಟು, ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಅವಳೇ ನಿಲ್ಲಿಸಿ ಹೇಳಿದ ಮಾತನ್ನು ನನಗೂ ಹೇಳಿದಳು: "ನೀ ಹೇಳಿದ್ದಕ್ಕ ನಮ್ಮತ್ತಿ ಯಾರೂ ಇಲ್ಲದ ಜಾಗದಾಗ ಸತ್ಲು. ನೀ ಹೇಳಲಿಲ್ಲಂದ್ರ ನಾನೂ ಇರ್ತಿದ್ದಿಲ್ಲ. ಎರಡೂ ಖರೇನ ಐತಣ್ಣ." ಆಮೇಲೆ ಎರಡು ರೊಟ್ಟಿ ಕಟ್ಟಿಕೊಟ್ಟಳು. ಶಾಲೆ ಓಣಿಯಲ್ಲಿ ಅವಳ ಕೈಯ ರೊಟ್ಟಿ ಮೊದಲು ತಿಂದವರು ಪಕ್ಕೀರಪ್ಪ. ಈಗ ಉಳಿದವರೂ ಕೊಳ್ಳುತ್ತಿದ್ದಾರೆ, ಎಲ್ಲರೂ ಅಲ್ಲ.

ಜೂನ್ ಎರಡನೇ ವಾರ. ಲಾಕ್‌ಡೌನ್ ಇನ್ನೂ ಮುಗಿದಿಲ್ಲ. ಹದಿನಾಲ್ಕನೇ ವಾಲ್ ಬಂದ್ ಮಾಡಿ ಪಕ್ಕೀರಪ್ಪ ಬೇವಿನ ಕಟ್ಟೆಯ ಮೇಲೆ ಕೂರುತ್ತಾರೆ. ಲಾಕ್‌ಡೌನ್ ಮುಗಿದ ಮೇಲೆ ಶಾಲು ಹೊದಿಸುತ್ತೇವೆ ಎಂದು ಊರವರು ಹೇಳಿದ್ದಾರಂತೆ. ಅದರ ಮಾತೆತ್ತಿದರೆ ನಗುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ಚಾವಿಯನ್ನು ಕಟ್ಟೆಗೆ ಒರಗಿಸಿ ಹೇಳುತ್ತಾರೆ:

"ಹತ್ತೊಂಬತ್ತು ವರ್ಷ ಆತ್ರಿ ನೀರು ಬಿಡಾಕ ಹತ್ತಿ. ನಮ್ಮನಿ ನಳಕ್ಕ ನೀರು ಬರೋದು ನಾನು ಒಂದಿನಾನೂ ನೋಡಿಲ್ಲ. ಅಲ್ಲಿ ಬರೋ ಹೊತ್ತಿಗೆ ನಾನು ಮುಂದಿನ ವಾಲ್ ಹತ್ರ ಇರ್ತೀನಿ. ಒಂದಿನ ಯಾರಾದ್ರೂ ನೀರು ಬಿಟ್ರ ನಾನು ಮನ್ಯಾಗ ಕುಂತು ನೋಡಬೇಕು. ಭಾಳ ಸಣ್ಣಗ ಬರ್ತತಿ ಅಂತ ನನ್ನ ಹೆಣ್ತಿ ದಿನಾ ಬೈತಾಳ್ರಿ."