ಅಜ್ಜನ ಕುದುರೆಗೆ ಕಾಯಿ ಒಡೆದವರು

ನನ್ನ ಅಜ್ಜ ಒಂದು ಕುದುರೆ ಮಾಡಿದ್ದ. ಮರದ್ದು. ಅದಕ್ಕೆ ಬಾಲವಿಲ್ಲ, ಕಿವಿಯಿಲ್ಲ. ನಾಲ್ಕು ಕಾಲು, ಒಂದು ಉದ್ದ ಕತ್ತು, ಕೆಳಗೆ ಹಳೆಯ ಸೈಕಲ್ಲಿನ ಪೆಡಲು. ಇಳಕಲ್ಲಿನ ನಮ್ಮ ಓಣಿಯವರು ನಗಾಡಿ ಇಟ್ಟ ಹೆಸರು ಕುದುರೆ, ಆಮೇಲೆ ಅದೇ ಉಳಿಯಿತು.

ನಮ್ಮೂರ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದಕ್ಕೆ ಹಾಕುವ ನೂಲು, ಬೇರೆ, ಸೆರಗಿನ ಹಾಸು ಬೇರೆ. ಸೆರಗಿನ ಒಂದೊಂದು ಎಳೆಯನ್ನೂ ಮೈಯ ಒಂದೊಂದು ಎಳೆಗೆ ಕೊಂಡಿ ಹಾಕಿ ಜೋಡಿಸಬೇಕು. ಅದಕ್ಕೆ ಇಬ್ಬರು ಹೆಂಗಸರು ಬೇಕು: ಒಬ್ಬಳು ಕುಣಿಕೆ ಹಿಡಿಯಬೇಕು, ಎದುರು ಕೂತವಳು ಎಳೆ ತೂರಿಸಬೇಕು. ನನ್ನ ಅಜ್ಜಿಗೆ, ನಾವು ಆಯಿ ಎನ್ನುತ್ತಿದ್ದೆವು, ಎದುರು ಕೂರುತ್ತಿದ್ದವಳು ಅವಳ ನೆಗೆಣ್ಣಿ, ಅಜ್ಜನ ತಮ್ಮನ ಹೆಂಡತಿ. ಆಕೆ ತೀರಿಕೊಂಡ ಮೇಲೆ ಆಯಿ ಪ್ರತಿ ಸೀರೆಗೂ ಮನೆಮನೆಗೆ ಹೋಗಿ ಯಾರನ್ನಾದರೂ ಕರೆಯಬೇಕಾಯಿತು. ಅದನ್ನು ನೋಡಲಾರದೆ ಅಜ್ಜ ಕುದುರೆ ಮಾಡಿದ. ಪೆಡಲು ತುಳಿದರೆ ಕತ್ತು ಬಾಗಿ ಕುಣಿಕೆ ಹಿಡಿಯುತ್ತಿತ್ತು, ಕಾಲೆತ್ತಿದರೆ ಬಿಡುತ್ತಿತ್ತು. ಹೆಂಡತಿಗೆ ಬಂಗಾರ ಮಾಡಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ, ನೆಗೆಣ್ಣಿಯನ್ನೇ ಮಾಡಿಕೊಟ್ಟವನು ನಮ್ಮ ಅಜ್ಜ ಒಬ್ಬನೇ.

ಓಣಿಯ ಹೆಂಗಸರು ತಮ್ಮ ಹಾಸು ತಂದು ಕೊಡುತ್ತಿದ್ದರು, ಆಯಿ ಜೋಡಿಸಿಕೊಡುತ್ತಿದ್ದಳು. ಕಲಿಯುವ ಗೋಜಿಗೆ ಯಾರೂ ಹೋಗಲಿಲ್ಲ. ಹೇಗೂ ಆಯಿ ಇದ್ದಳಲ್ಲ.

ಅಜ್ಜ ಹೋದ ಮೇಲೆ ಓಣಿಯ ಹಿರಿಯರು ಅವನ ಮನೆಯನ್ನು ಇದ್ದ ಹಾಗೇ ಉಳಿಸಿ ಮ್ಯೂಸಿಯಂ ಮಾಡೋಣ ಎಂದಾಗ ಎಲ್ಲರಿಗಿಂತ ಮೊದಲು ಹೂಂ ಎಂದವಳು ನಾನು. ಹಳೇ ಬಾಗಲಕೋಟೆಯ ನನ್ನ ಗಂಡನ ಮನೆ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿ ಹೋಗಿತ್ತು. ಅಲ್ಲಿಂದ ಒಂದು ಬಾಗಿಲು ಕಿತ್ತುಕೊಂಡು ನವನಗರಕ್ಕೆ ಬಂದಿದ್ದೆವು. ಹೊಸ ಮನೆಯ ಯಾವ ಚೌಕಟ್ಟಿಗೂ ಅದು ಕೂಡಲಿಲ್ಲ, ಕೊಯ್ಯಿಸಲು ನನಗೆ ಮನಸ್ಸಿಲ್ಲ. ಗೋಡೆಗೆ ಆನಿಸಿ ಇಟ್ಟಿದ್ದೆ. ಒಂದು ಮನೆ ಹೋದದ್ದು ಸಾಕು, ತವರಿನದಾದರೂ ಉಳಿಯಲಿ ಎಂಬ ಹಟ ನನ್ನದು. ಆಯಿ ಹಿಂದಿನ ಓಣಿಯ ಕಾಕಾನ ಮನೆಗೆ ಇರಲು ಹೋದಳು. ಅಜ್ಜನ ಮಗ್ಗ, ಉಳಿ, ಸುತ್ತಿಗೆ, ಅವನು ಕಡೆಯದಾಗಿ ಮಾಡಿಟ್ಟು ಇನ್ನೂ ಜೋಡಿಸದೆ ಉಳಿದಿದ್ದ ಮೈ, ಸೆರಗಿನ ಹಾಸು, ನಡುವೆ ಕುದುರೆ. ಎಲ್ಲವನ್ನೂ ನಾನೇ ನಿಂತು ಜೋಡಿಸಿದೆ.

ಆದರೆ ನಮ್ಮ ಜನಕ್ಕೆ ಒಂದು ವಸ್ತುವನ್ನು ಸುಮ್ಮನೆ ನೋಡಿ ಬರುವುದು ಗೊತ್ತೇ ಇಲ್ಲ. ಅಮಾವಾಸ್ಯೆಗೆ ಮಗ್ಗಗಳಿಗೆ ಸೂಟಿ, ನೂಲು ಮುಟ್ಟುವಂತಿಲ್ಲ. ಆ ದಿನ ಬಿಡುವಿದ್ದ ಹೆಂಗಸರೆಲ್ಲ ಮ್ಯೂಸಿಯಮ್ಮಿಗೆ ಬಂದರು. ಬರಿಗೈಲಿ ಹೇಗೆ ಬರುವುದೆಂದು ಹೂವು ತಂದರು. ಮುಂದಿನ ಅಮಾವಾಸ್ಯೆಗೆ ಕುದುರೆಯ ಕತ್ತಿಗೆ ವಿಭೂತಿ, ಅದರ ಮುಂದಿನದಕ್ಕೆ ಕಾಯಿ. ನನಗೆ ಮೈ ಉರಿದು ‘ಮುಟ್ಟಬೇಡಿರಿ’ ಎಂದು ಫಲಕ ತೂಗುಹಾಕಿದೆ. ಅದರಿಂದ ಭಕ್ತಿ ಇನ್ನಷ್ಟು ಹೆಚ್ಚಿತು.

ಅಷ್ಟರಲ್ಲಿ ಆಯಿಯ ಕಣ್ಣು ಮಂಜಾಗುತ್ತ ಬಂದಿತ್ತು. ಇದು ತೆಗೆಯುವ ಪೊರೆಯಲ್ಲ, ನರವೇ ಸೋತಿದೆ ಎಂದು ದವಾಖಾನೆಯಲ್ಲಿ ಹೇಳಿಬಿಟ್ಟರು. ಕುದುರೆ ನಡೆಸಲು ಬರುತ್ತಿದ್ದವಳು ಊರಿನಲ್ಲಿ ಅವಳೊಬ್ಬಳೇ. ಅವಳು ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಅವಳ ಚಡಪಡಿಕೆ ನಮಗೆಲ್ಲ ಕಾಣುತ್ತಿತ್ತು.

ಒಂದು ಅಮಾವಾಸ್ಯೆಯ ಬೆಳಿಗ್ಗೆ ನಾನೂ ಇಳಕಲ್ಲಿಗೆ ಬಂದಿದ್ದೆ. ಮ್ಯೂಸಿಯಮ್ಮಿನ ಕೀಲಿ ಇಟ್ಟುಕೊಂಡಿದ್ದ ಹಿರಿಯರು ಗಂಟೆ ಬಾರಿಸಿ ಆರತಿ ಎತ್ತುತ್ತಿದ್ದರು. ಗೋಡೆ ಹಿಡಿದುಕೊಂಡು ಆಯಿ ಒಳಗೆ ಬಂದಳು.

“ಯಾ ದೇವರಿಗೆ ಗಂಟಿ ಹೊಡ್ಯಾಕತ್ತೀಪಾ?”

“ಅಜ್ಜಾರು ಅಂದ್ರ ನಮಗ ದೇವರಿದ್ದಂಗ ಅಲ್ಲೇನ್ ಯವ್ವಾ?”

“ದೇವರಾಗಿದ್ರ ನನ್ನ ಕಣ್ಣ ಕೊಡ್ಲಿ, ನೋಡೂಣು. ಅವರು ನೇಕಾರ್ರು. ಈ ಕುದರಿ ಹಿಂಗ ನಿಂತಬಿಟ್ರ ಅವತ್ತ ಅವರು ಖರೇನ ಸತ್ತಂಗ.” ಹೆಂಗಸರ ಕಡೆ ತಿರುಗಿದಳು. “ಯಾರರೆ ಬರ್ರಿ, ಕಲಸ್ತೇನಿ.”

“ಅಮಾಸಿ ದಿನ ನೂಲ ಮುಟ್ಟೂದೇನ ಆಯಿ?” ಎಂದಿತು ಒಂದು ದನಿ.

“ಅಮಾಸಿ ಸೂಟಿ ಮಗ್ಗಕ್ಕ. ಕಲಿಯಾಕ ಯಾರು ಸೂಟಿ ಕೊಟ್ಟಾರ?”

ಹತ್ತಿರದ ಗುಡೂರಿನ ನೇಕಾರರ ಮನೆಯ ಒಬ್ಬ ಹೊಸ ಸೊಸೆ ಮುಂದೆ ಬಂದಳು. “ನಮ್ಮನ್ಯಾಗ ಎದುರ ಕೂಡಾಕ ಯಾರೂ ಇಲ್ರಿ. ನನಗ ಕಲಸ್ರಿ.”

ಆಯಿ ನನ್ನನ್ನು ಕರೆದಳು. “ಆ ಗ್ವಾಡಿಗಿ ತೂಗಬಿಟ್ಟೀಯಲ್ಲ, ಆ ಹಾಸು ತಗಿ.”

“ಆಯಿ, ಅದು ಅಜ್ಜ ಕಡೀಕ ಮಾಡಿದ್ದು!”

“ಅದಕ್ಕ ಅದನ್ನ ತಗಿ ಅಂದೆ.”

ನನಗೆ ಅಳು ಬಂತು, ಸಿಟ್ಟೂ ಬಂತು. ಆದರೂ ತೆಗೆದುಕೊಟ್ಟೆ. ಆಯಿ ಕುದುರೆಯ ವಿಭೂತಿಯನ್ನು ಸೆರಗಿನಿಂದ ಒರೆಸಿದಳು. ಹುಡುಗಿ ಪೆಡಲು ತುಳಿದಳು. ಕತ್ತು ಬಾಗಿತು, ಹೂವಿನ ಹಾರ ಜಾರಿ ನೆಲಕ್ಕೆ ಬಿತ್ತು. ಮೊದಲ ಎಳೆ ತಟ್ಟನೆ ಹರಿಯಿತು. “ಎತ್ತ ತುಳದಂಗ ತುಳೀಬ್ಯಾಡ!” ಎಂದು ಆಯಿ ಬೈದಳು. ಮುಂದಿನದೂ ಹರಿಯಿತು. ಕಡೆಗೊಂದು ಕೊಂಡಿ ಕೂತಿತು. ಆಯಿ ಹೆಬ್ಬೆರಳಿನಿಂದ ಸವರಿ ನೋಡಿ, “ನಿಂತೈತಿ” ಎಂದಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ಅಜ್ಜ ಹೋದ ಮೇಲೆ ನಾನು ನೋಡಿರಲಿಲ್ಲ. ಹಿರಿಯರು ಆರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದರು.

ಅಲ್ಲಿಂದ ಅಮಾವಾಸ್ಯೆಗೊಮ್ಮೆ ಪಾಠ ನಡೆಯಿತು. ಕಾಯಿ ಒಡೆಯುವುದು ನಿಲ್ಲಲಿಲ್ಲ. ನಮ್ಮೂರವರಿಗೆ ಅದನ್ನು ಹೇಳಿ ಗೆದ್ದವರಿಲ್ಲ. ಆದರೆ ಹೊಸ್ತಿಲಾಚೆ ಒಡೆದು, ಬೆಲ್ಲದ ಜೊತೆ ತಿನ್ನುತ್ತ ಕಲಿತರು.

ಕೆಲವು ವರ್ಷಗಳ ಮೇಲೆ ನಾನು ಕಲಿಸುವ ಶಾಲೆಯ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋದವಳು, ನಮ್ಮಜ್ಜನ ಕುದುರೆ ತೋರಿಸುತ್ತೇನೆಂದು ಜಂಬದಿಂದ ಇಳಕಲ್ಲಿಗೂ ಕರೆತಂದೆ. ಬಾಗಿಲು ತೆಗೆದರೆ ಕುದುರೆಯಿಲ್ಲ. ಅದು ನಿಂತಿದ್ದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು. ಹಳೇ ಮನೆಯೊಳಗೆ ಹಿನ್ನೀರು ಬಂದ ದಿನವೇ ಕಣ್ಣೆದುರು ನಿಂತಿತು. ಕಾಕಾನ ಮನೆಯ ಕಟ್ಟೆಯ ಮೇಲೆ ಕೂತಿದ್ದ ಆಯಿಯ ಬಳಿ ಓಡಿದೆ. ಅವಳಿಗೆ ಆಗ ಕಣ್ಣು ಪೂರ್ತಿ ಹೋಗಿತ್ತು.

“ಗುಡೂರಿಗೆ ಕಳಿಸೇನಿ. ಆ ಹುಡಿಗಿ ಈಗ ಬಸರಿ, ಇಲ್ಲಿತನಕ ಹೆಂಗ ಬರ್ತಾಳ?”

“ಅದು ಮ್ಯೂಸಿಯಂ ಆಯಿ! ನೋಡಾಕ ಬಂದ ಮಕ್ಕಳಿಗೆ ನಾ ಏನ ತೋರಸ್ಲಿ?”

“ಇಲ್ಲೇ ನಿಂತಿತ್ತು, ಈಗ ಕೆಲಸಕ್ಕ ಹೋಗೈತಿ ಅಂತ ಹೇಳು.”

ನಾನು ಹಾಗೆಯೇ ಹೇಳಿದೆ. ಮಕ್ಕಳು ನೆಲಕ್ಕೆ ಕೂತು ಆ ನಾಲ್ಕು ಗುರುತುಗಳನ್ನು ಮುಟ್ಟಿಮುಟ್ಟಿ ನೋಡಿದರು.

ನವನಗರಕ್ಕೆ ಮರಳಿದ ಮೇಲೆ ಬಡಗಿಯನ್ನು ಕರೆಸಿದೆ. ಗೋಡೆಗೆ ಆನಿಸಿಟ್ಟಿದ್ದ ಬಾಗಿಲನ್ನು ಒಂದು ಗೇಣು ಕೊಯ್ಯಿಸಿ ಅಡುಗೆಮನೆಗೆ ಕೂಡಿಸಿದೆವು. ಈಗ ಅದನ್ನು ದಿನಾ ತೆಗೆಯುತ್ತೇವೆ, ಹಾಕುತ್ತೇವೆ.