ಏಳನೇ ತಿಂಗಳ ಹೆದರಿಕೆ

ನಾನು ಧೈರ್ಯಸ್ಥೆ ಎಂದು ನಂಬಿದ್ದವಳು ನಾನೊಬ್ಬಳೇ ಇರಬೇಕು. ತಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು; ಭ್ರೂಣದ ಬೆಳವಣಿಗೆಯನ್ನು ಬೋರ್ಡಿನ ಮೇಲೆ ಸರಾಗವಾಗಿ ಬರೆದು ತೋರಿಸುವವಳು. ಬೋರ್ಡಿನ ಚಿತ್ರ ನನ್ನ ಹೊಟ್ಟೆಯೊಳಗೇ ಬಂದು ಕುಳಿತ ಮೇಲೆ ಕಲಿತದ್ದೆಲ್ಲ ಕೈಕೊಟ್ಟಿತು. ಸೀನು ಬಂದರೂ ಭಯ, ಬಸ್ಸು ಹಂಪ್ ಹಾರಿದರೂ ಭಯ. ಪರಂಗಿಹಣ್ಣಿನ ಗಾಡಿ ಕಂಡರೆ ರಸ್ತೆಯನ್ನೇ ದಾಟಿಬಿಡುತ್ತಿದ್ದೆ.

ಮೊದಲ ಬಸಿರು ಮೂರನೇ ತಿಂಗಳಲ್ಲೇ ಹೋಗಿತ್ತು. ನಂಜನಗೂಡಿನ ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ದಿನಾ ಮಧ್ಯಾಹ್ನ ಫೋನ್ ಮಾಡಿ ಗಂಡ ಕೇಳಿದರೂ, ಮನೆಯಲ್ಲಿ ಅತ್ತೆ ಕೇಳಿದರೂ ನನ್ನ ಉತ್ತರ ಒಂದೇ: "ಚೆನ್ನಾಗಿದೀನಿ."

ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಶಾಲೆಗೆ ಹೋಗುವ ಬಸ್ಸಿನಲ್ಲಿ ಕುಳಿತಾಗ, ಎದ್ದಾಗಿನಿಂದ ಮಗು ಒಮ್ಮೆಯೂ ಒದ್ದಿಲ್ಲವೆಂಬುದು ಹೊಳೆಯಿತು. ನರಸೀಪುರದಲ್ಲಿ ಇಳಿದವಳೇ ನೇರ ಆಸ್ಪತ್ರೆಗೆ ನಡೆದೆ. ಅಲ್ಲಿದ್ದ ಹಿರಿಯ ನರ್ಸಮ್ಮ ನನ್ನನ್ನು ಮಲಗಿಸಿ ಹೊಟ್ಟೆಯ ಮೇಲೆ ಪುಟ್ಟ ಯಂತ್ರವೊಂದನ್ನು ಒತ್ತಿ ಹಿಡಿದರು. ಕುದುರೆ ಓಡಿದಂತೆ ಟಕಟಕ ಸದ್ದು.

"ಕೇಳ್ತಾ ಮೇಡಂ? ಮಗೀನ ಎದೆಬಡಿತ. ಚೆಂದಾಗದೆ."

ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಡಾಕ್ಟರು ಬಂದು ಪರೀಕ್ಷಿಸಿ, ಎಲ್ಲ ಸರಿಯಿದೆ, ತಡಮಾಡದೆ ಬಂದದ್ದು ಒಳ್ಳೆಯದಾಯಿತು ಎಂದರು. ಅವರು ಅತ್ತ ಹೋದ ಮೇಲೆ ನರ್ಸಮ್ಮ ಕೇಳಿದರು: "ಬೆಳಗ್ಗೆ ಏನ್ ತಿಂದ್ರಿ?"

"ಏನೂ ಇಲ್ಲ."

ತಮ್ಮ ಡಬ್ಬಿಯ ಇಡ್ಲಿಯನ್ನೇ ಕೊಟ್ಟು ಎದುರಿಗೆ ಕುಳಿತರು. ಎರಡನೇ ಇಡ್ಲಿ ಮುಗಿಯುವಷ್ಟರಲ್ಲಿ ಒಳಗಿನಿಂದ ಒಂದು ಒದೆ ಬಿತ್ತು.

"ಇಷ್ಟ್ ಭಯ ಮಡಿಕ್ಕಂಡಿದ್ದೀರಲ್ಲ, ಮನೇಲಿ ಯಾರ್ಗಾದ್ರೂ ಏಳಿದ್ದೀರಾ?"

"ಇಲ್ಲ."

"ಇವತ್ತೇ ಮನೇಲಿ ಏಳ್ಬುಡಿ."

ಸಂಜೆ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ, ಹೋದ ಮಗುವಿನ ಮಾತೂ ಸೇರಿ. ಅವರ ಕೈ ನಿಂತಿತು.

"ನಂಗೂ ದಿನಾ ಭಯವೇ ಕಣವ್ವ. ನೀ ಎದ್ರುಕೊಂಡೀಯ ಅಂತ ಬಾಯ್ಬುಡ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗೆ ಬಂದ ಮಗನತ್ತ ಕೈ ತೋರಿಸಿದರು. "ಇವ್ನೂ ಒಟ್ಟೇಲಿ ಅಲ್ಲಾಡ್ತಾನೇ ಇರ್ಲಿಲ್ಲ. ನಾನು ಅತ್ತಿದ್ದೇ ಅತ್ತಿದ್ದು. ಈಗ ನೋಡು, ಭಾನ್ವಾರ ಎಬ್ಸಕ್ಕಾಯ್ತದಾ?"

ಗಂಡ ಏನೂ ತಿಳಿಯದೆ ನಿಂತಿದ್ದ. ವಿಷಯ ಹೇಳಿದೆವು. ಪಕ್ಕದಲ್ಲಿ ಕುಳಿತು, "ನಾನೂ ದಿನಾ ಮಧ್ಯಾಹ್ನ ಸುಮ್ಮನೆ ಫೋನ್ ಮಾಡ್ತಿದ್ನಾ ಮತ್ತೆ?" ಎಂದ.

ಮಗಳಿಗೆ ಈಗ ಎಂಟು ತಿಂಗಳು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಹೆದರಿಕೆಯೇನೂ ಹೋಗಿಲ್ಲ. ಪಾಳಿ ಹಾಕಿಕೊಂಡಿದ್ದೇವೆ ಅಷ್ಟೆ: ಹಗಲು ಅತ್ತೆ ಹೆದರುತ್ತಾರೆ, ಸಂಜೆ ನಾನು, ಭಾನುವಾರ, ಎದ್ದ ಮೇಲೆ, ಅವನು.